ಪಂಚೆ ಜಾತಿ, ಬನೀನು ಜಾತಿ

ಗುಬ್ಬಿಯ ನಮ್ಮ ಮನೆ ಸೋಫಾಗೆ ನನಗಿಂತ ಎರಡು ವರ್ಷ ಹೆಚ್ಚು ವಯಸ್ಸು. ಹಿತ್ತಲಿನ ಹಲಸಿನ ಮರ ಗಾಳಿಮಳೆಗೆ ಬಿದ್ದಾಗ ಅಪ್ಪ ಅದನ್ನು ಸೌದೆಗೆ ಹಾಕಲು ಒಪ್ಪಲಿಲ್ಲವಂತೆ. ಹಲಗೆ ಕೊಯ್ಸಿ, ವರ್ಷ ಒಣಗಿಸಿ, ಮೂರು ಜನ ಕೂರುವ ಸೋಫಾ ಮಾಡಿಸಿದರು. ಮೂರು ಸೀಟಿನ ಪೈಕಿ ಕಿಟಕಿ ಕಡೆಯದು ಅಪ್ಪನದು. ಅಲ್ಲಿ ಬೇರೆಯವರು ಕೂತರೆ ಅಪ್ಪ ಏನೂ ಅನ್ನಲ್ಲ. ಆದರೆ ಅವರು ಬಂದ ಕೂಡಲೇ ಕೂತವರೇ ಎದ್ದುಬಿಡುತ್ತಾರೆ.

ಅಪ್ಪನಿಗೆ ಮಂಡಿ ಆಪರೇಷನ್ ಆದ ಮೇಲೆ ಅವರ ಪ್ರಪಂಚ ಆ ಒಂದು ಸೀಟಿಗೆ ಬಂದು ನಿಂತಿತು. ಪೇಪರು, ಕಾಫಿ, ಟಿವಿ, ಮಧ್ಯಾಹ್ನದ ತೂಕಡಿಕೆ, ಎಲ್ಲ ಅಲ್ಲೇ. ಹಳೇ ಬಟ್ಟೆ ಮುಂಚೆಯೇ ಸವೆದು ಎಳೆ ಕಾಣುತ್ತಿತ್ತು. ಯುಗಾದಿಗೆ ಹೊಸ ಬಟ್ಟೆ ನಾನು ಹಾಕಿಸ್ತೀನಿ ಅಂದೆ. ನಾನು ತುಮಕೂರಲ್ಲಿ ಮನೆ ಮಾಡಿಕೊಂಡು ದಿನಾ ರೈಲಲ್ಲಿ ಬೆಂಗಳೂರಿಗೆ ಓಡಾಡುವವಳು. ಊರಿಗೆ ಏನಾದರೂ ಮಾಡಿದೆ ಅನ್ನುವ ಸಮಾಧಾನ ನಮ್ಮಂಥವರಿಗೆ ಸಂಬಳದ ದಿನ ಸಿಕ್ಕಷ್ಟು ಬೇರೆ ದಿನ ಸಿಗಲ್ಲ.

ಒಂದು ಶನಿವಾರ ತುಮಕೂರಿನ ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಕೊನೆಯದರಲ್ಲಿ ನವಿಲು ಬಣ್ಣದ ಒಂದು ರೋಲು ಕಂಡಿತು. ಕೈಯಿಟ್ಟರೆ ಬೆಕ್ಕಿನ ಮರಿ ಸವರಿದ ಹಾಗೆ. ‘ವೆಲ್ವೆಟ್ ಮೇಡಂ, ಈಗೆಲ್ಲ ಇದೇ ಓಡ್ತಿರೋದು’ ಅಂದರು. ಮೀಟರಿಗೆ 480 ರೂಪಾಯಿ. ಏಳು ಮೀಟರ್ ತಗೊಂಡೆ. ಗುಬ್ಬಿಯಲ್ಲೇ ಒಬ್ಬರಿಂದ ಹೊಲಿಸಿ ಹಾಕಿಸಿದ್ದಾಯಿತು. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದೆ. ಆಫೀಸಿನವರೆಲ್ಲ ಹೃದಯ ಒತ್ತಿದರು.

ದಸರಾ ಹೊತ್ತಿಗೆ ಅಮ್ಮನ ಫೋನು. ‘ನಿಮ್ಮಪ್ಪ ಈಗ ಸೋಫಾ ಮೇಲೆ ಕೂರ್ತಾನೇ ಇಲ್ಲ ಕಣೆ.’

ಮಂಡಿ ನೋವು ಇರಬೇಕು ಅಂದುಕೊಂಡೆ. ಹೋಗಿ ನೋಡಿದರೆ ಅಪ್ಪ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಒಳಗೆ ಅವರ ಸೀಟಿನ ಬಟ್ಟೆ ನಡುವಲ್ಲಿ ಜೋಲು ಬಿದ್ದಿದೆ. ಸುಕ್ಕುಗಳೆಲ್ಲ ಒಂದು ಮೂಲೆಗೆ ಬಂದು ಗುಡ್ಡೆಯಾಗಿವೆ. ಎರಡೂ ಕೈ ಊರಿ ಏಳಲು ಹೋದರೆ ಬಟ್ಟೆ ಕೈಯ ಜೊತೆಗೇ ಜಾರುತ್ತದೆ. ಹಾಗೆ ಒಂದು ಸಲ ಜಾರಿ, ಕುಕ್ಕರಿಸಿ ಕೂತು, ಆಪರೇಷನ್ ಆದ ಮಂಡಿ ಮಡಚಿ ಎರಡು ದಿನ ನರಳಿದ್ದರಂತೆ. ನನಗೆ ಯಾರೂ ಹೇಳಿರಲಿಲ್ಲ. ಮಗಳು ಕಾಸು ಹಾಕಿ ಮಾಡಿಸಿದ್ದಾಳೆ, ಹೆಂಗೆ ಹೇಳೋದು ಅಂತ.

‘ಬಿಡು ಮಗ, ಪ್ಲಾಸ್ಟಿಕ್ ಕುರ್ಚಿನೇ ಏಳೋಕೆ ಸಲೀಸು’ ಅಂದರು ಅಪ್ಪ.

ಆ ಮಾತು ಕೇಳಿ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯಿತು. ಅವತ್ತೇ ಆ ಸೀಟಿನ ಕವರ್ ಬಿಚ್ಚಿ ಬ್ಯಾಗಿಗೆ ತುರುಕಿಕೊಂಡೆ.

ಅಕ್ಕನನ್ನು ಕೊಟ್ಟಿರುವುದು ಕುಣಿಗಲ್‌ಗೆ. ಭಾವನಿಗೆ ಅಲ್ಲಿ ಕುಷನ್ ಕೆಲಸದ ಒಬ್ಬ ಹಿರಿಯರು ಗೊತ್ತು. ಹಿಂದೆ ಬಸ್ಸು, ಜೀಪುಗಳ ಸೀಟು ಕಟ್ಟುತ್ತಿದ್ದವರು, ಈಗ ಮನೆ ಸಾಮಾನು ಮಾಡುತ್ತಾರೆ. ‘ಮೊದಲು ಅವರಿಗೆ ತೋರಿಸು, ಆಮೇಲೆ ದುಡ್ಡು ಹಾಕು’ ಅಂದಳು ಅಕ್ಕ. ಭಾನುವಾರ ಬೆಳಿಗ್ಗೆ ತುಮಕೂರಲ್ಲಿ ಕುಣಿಗಲ್ ಬಸ್ ಹತ್ತಿದೆ.

ಈ ದಾರಿ ನನಗೆ ಇಷ್ಟ. ಊರು ದಾಟುತ್ತಿದ್ದಂತೆ ಗೂಳೂರು, ಮಣ್ಣಿನ ಮಹಾಗಣಪತಿಗೆ ಹೆಸರಾದ ಊರು. ಆಮೇಲೆ ನಾಗವಲ್ಲಿ, ಹೆಬ್ಬೂರು. ರಸ್ತೆ ಪಕ್ಕ ತೆಂಗು, ಅಡಿಕೆ, ನಡುನಡುವೆ ರಾಗಿ ಹೊಲ. ಎಲ್ಲರಿಗೂ ಕುಣಿಗಲ್ ಅಂದರೆ ಕೆರೆ, ಕೆರೆ ಅಂದರೆ ಆ ಜನಪದ ಹಾಡು. ನಮ್ಮ ಭಾವನಿಗೆ ಮಾತ್ರ ಕುಣಿಗಲ್ ಅಂದರೆ ಕುದುರೆ. ಟಿಪ್ಪು ಸುಲ್ತಾನ್ ತನ್ನ ಅಶ್ವದಳಕ್ಕೆ ಕುದುರೆ ಸಾಕಿಸಿದ ಜಾಗ ಇದು. ಆಮೇಲೆ ರೇಸ್ ಕುದುರೆಗಳ ಫಾರಂ ಆಗಿ ಹೆಸರಾಯಿತು. ಕುದುರೆಗೂ ಸೋಫಾಗೂ ಏನು ಸಂಬಂಧ ಅಂತೀರಾ? 19ನೇ ಶತಮಾನದ ಯೂರೋಪಿನಲ್ಲಿ ಸೋಫಾದ ಒಳಗೆ ತುಂಬುತ್ತಿದ್ದದ್ದು ಕುದುರೆ ಕೂದಲು. ಮೇಲಿನ ಬಟ್ಟೆಯಲ್ಲೂ ಎಷ್ಟೋ ಸಲ ಉದ್ದಕ್ಕೆ ಹತ್ತಿ ನೂಲು, ಅಡ್ಡಕ್ಕೆ ಕುದುರೆ ಬಾಲದ ಕೂದಲು. ಬಾಲದ ಕೂದಲು ಎಷ್ಟುದ್ದವೋ ಬಟ್ಟೆಯ ಅಗಲ ಅಷ್ಟೇ.

ಹಿರಿಯರ ಅಂಗಡಿ ಅಂದರೆ ಒಂದು ಶೆಟರ್, ಒಂದು ಹೊಲಿಗೆ ಮೆಷಿನ್, ಛಾವಣಿವರೆಗೆ ಫೋಮು. ನಾನು ಬ್ಯಾಗಿನಿಂದ ಕವರ್ ತೆಗೆದು ಕೊಟ್ಟೆ. ಅವರು ಅದನ್ನು ಮುಂದೆ ನೋಡಲಿಲ್ಲ. ತಿರುವಿ ಹಾಕಿ, ಒಳಗಿನ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದು, ಎರಡು ಹೆಬ್ಬೆರಳಲ್ಲಿ ಅಡ್ಡಕ್ಕೆ ಎಳೆದರು. ರಬ್ಬರಿನ ಹಾಗೆ ಬಂತು. ಬಿಟ್ಟರೆ ಪೂರ್ತಿ ವಾಪಸ್ ಹೋಗಲಿಲ್ಲ.

‘ಇದು ಬನೀನು ಕಣಮ್ಮ. ನಿಮ್ಮಪ್ಪನಿಗೆ ಬೇಕಾಗಿದ್ದು ಪಂಚೆ.’

ನಾನು ಪೆದ್ದು ಪೆದ್ದಾಗಿ ನೋಡಿದೆ. ಅವರು ತಮ್ಮ ಪಂಚೆಯ ಅಂಚು ಹಿಡಿದು ಎಳೆದು ತೋರಿಸಿದರು. ಜಪ್ಪಯ್ಯ ಅಂದರೂ ಹಿಗ್ಗಲಿಲ್ಲ. ಆಮೇಲೆ ಅಂಗಿ ಒಳಗಿನ ಬನೀನು ಎಳೆದರು. ಕುತ್ತಿಗೆಯಿಂದ ಒಂದು ಗೇಣು ಮುಂದೆ ಬಂತು.

ಆ ಒಂದು ಎಳೆತದಲ್ಲಿ ನನಗೆ ಅರ್ಧ ಅರ್ಥವಾಯಿತು. ಉಳಿದರ್ಧ ಅವರು ಟೀ ಕುಡಿಯುತ್ತಾ ಹೇಳಿದ್ದು, ನಾನು ಆಮೇಲೆ ಓದಿಕೊಂಡಿದ್ದು, ಎರಡೂ ಸೇರಿಸಿ ಬರೆಯುತ್ತಿದ್ದೇನೆ.

ಮಗ್ಗದಲ್ಲಿ ಎರಡು ಥರ ನೂಲು. ಉದ್ದಕ್ಕೆ ಬಿಗಿದು ಕಟ್ಟಿದ್ದು ಹಾಸು. ಲಾಳಿಯ ಜೊತೆ ಅಡ್ಡಕ್ಕೆ ಓಡುವುದು ಹೊಕ್ಕು. ಒಂದರ ಮೇಲೆ, ಇನ್ನೊಂದರ ಕೆಳಗೆ ಹಾಯ್ದು ಚೌಕದ ಬಲೆಯಂತೆ ಕೂರುತ್ತವೆ. ನಾವು ಮಾತುಮಾತಿಗೆ ‘ಹಾಸುಹೊಕ್ಕಾಗಿದೆ’ ಅನ್ನುತ್ತೇವಲ್ಲ, ಅದು ಇಲ್ಲಿಂದಲೇ ಬಂದದ್ದು. ಎಳೆಗಳು ನೆಟ್ಟಗೆ ಬಿಗಿಯಾಗಿ ಇರುವುದರಿಂದ ಉದ್ದಕ್ಕೋ ಅಡ್ಡಕ್ಕೋ ಎಳೆದರೆ ಹಿಗ್ಗಲು ಜಾಗವೇ ಇಲ್ಲ. ಓರೆಯಾಗಿ, ಮೂಲೆಯಿಂದ ಮೂಲೆಗೆ ಎಳೆದರೆ ಮಾತ್ರ ಸ್ವಲ್ಪ ಬಗ್ಗುತ್ತದೆ. ನಮ್ಮ ಜಿಲ್ಲೆಯ ವೈ.ಎನ್. ಹೊಸಕೋಟೆಯ ರೇಷ್ಮೆ ಸೀರೆ, ಶಿರಾ ಕಡೆಯ ಕುರಿ ಉಣ್ಣೆಯ ಕಂಬಳಿ, ಅಪ್ಪನ ಪಂಚೆ, ನನ್ನ ಜೀನ್ಸು, ಎಲ್ಲ ಇದೇ ಜಾತಿ. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಇನ್ನಷ್ಟು ಗಡುಸು ಮಾಡುತ್ತಾರೆ. ಅಜ್ಜಿ ಮನೆ ಜಗಲಿ ಮೇಲೆ ಹಾಸಿರುತ್ತಿದ್ದ ಕಂಬಳಿ ಇಪ್ಪತ್ತು ವರ್ಷ ಒಂದೇ ಆಕಾರದಲ್ಲಿತ್ತು. ಚುಚ್ಚುತ್ತಿತ್ತು, ಅದು ಬೇರೆ ಮಾತು.

ಹೆಣಿಗೆಯಲ್ಲಿ ಹೀಗಲ್ಲ. ಅಲ್ಲಿ ನೂಲು ನೆಟ್ಟಗೆ ಹೋಗುವುದೇ ಇಲ್ಲ. ಕುಣಿಕೆ ಹಾಕುತ್ತದೆ, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ, ಅದರೊಳಗಿಂದ ಮತ್ತೊಂದು. ಅಮ್ಮ ಸ್ವೆಟರ್ ಹೆಣೆಯುವುದನ್ನು ನೋಡಿದ್ದರೆ ಗೊತ್ತಿರುತ್ತದೆ. ಎಳೆದಾಗ ನೂಲು ಹಿಗ್ಗುವುದಿಲ್ಲ, ಕುಣಿಕೆ ಆಕಾರ ಬದಲಿಸುತ್ತದೆ. ಗುಂಡಗಿದ್ದದ್ದು ಉದ್ದವಾಗುತ್ತದೆ. ಬಿಟ್ಟಾಗ ಮತ್ತೆ ಗುಂಡಗಾಗಬೇಕು. ಆದರೆ ದಿನಕ್ಕೆ ಹತ್ತು ಗಂಟೆ, ಅದೇ ಜಾಗದಲ್ಲಿ, ಎಪ್ಪತ್ತೆರಡು ಕೆಜಿ ಮನುಷ್ಯ ಕೂತರೆ? ಎಲಾಸ್ಟಿಕ್ ಎಳೆ ಸೇರಿಸಿದ ಒಳ್ಳೆ ಬಟ್ಟೆಯಾದರೆ, ಹಿಂದೆ ಗಟ್ಟಿ ಅಸ್ತರಿ ಅಂಟಿಸಿದ್ದರೆ ತಡೆದುಕೊಳ್ಳುತ್ತದೆ. ನನ್ನದರಲ್ಲಿ ಎರಡೂ ಇರಲಿಲ್ಲ. ಹಳೇ ಬನೀನಿನ ಕುತ್ತಿಗೆಯ ಹಾಗೆ ಜೋಲಿತು.

ಹೆಣಿಗೆಯ ಮೆಷಿನ್ನು ಮೊದಲು ಮಾಡಿದ್ದು ಇಂಗ್ಲೆಂಡಿನ ವಿಲಿಯಂ ಲೀ, 1589ರಲ್ಲಿ. ಮಾಡಿದ್ದು ಕಾಲುಚೀಲಕ್ಕೆ. ಕಾಲಿನ ಆಕಾರಕ್ಕೆ ಹಿಗ್ಗಿ ಅಂಟಿಕೊಳ್ಳಬೇಕು ಅನ್ನುವುದೇ ಅದರ ಉದ್ದೇಶ. ಮೈಮೇಲೆ ಹಾಕುವುದಕ್ಕೆ ಹುಟ್ಟಿದ ಬಟ್ಟೆ ಅದು, ಮೇಲೆ ಕೂರುವುದಕ್ಕಲ್ಲ ಅಂತ ಸಿಟ್ಟಿನಲ್ಲಿ ನಾನು ಹೇಳಿದೆ. ಹಿರಿಯರು ಒಪ್ಪಲಿಲ್ಲ.

‘ಹಂಗನ್ಬೇಡಿ. ನಿಮ್ಮ ಕಾರಿನ ಸೀಟು ಏನು ಅಂದ್ಕೊಂಡಿದೀರ?’

ಕಾರಿನ ಬಟ್ಟೆ ಸೀಟುಗಳಲ್ಲಿ ಹೆಣೆದದ್ದು ಬಹಳ. ಆದರೆ ಅದನ್ನು ತೆಳು ಫೋಮಿಗೆ ಅಂಟಿಸಿ, ಸೀಟಿನ ಅಚ್ಚಿನ ಮೇಲೆ ಬಿಗಿಯಾಗಿ ಕೂರಿಸಿರುತ್ತಾರೆ. ಅಷ್ಟು ಉಬ್ಬುತಗ್ಗಿನ ಸೀಟಿಗೆ ನೇಯ್ದ ಬಟ್ಟೆ ಹಾಕಬೇಕಾದರೆ ಎಲ್ಲೆಲ್ಲೋ ಕತ್ತರಿಸಿ ನೆರಿಗೆ ಹಿಡಿಯಬೇಕು. ನಾವು ಆಫೀಸಿನಲ್ಲಿ ಬೆನ್ನು ಒರಗಿಸುವ ಜಾಲರಿ ಕುರ್ಚಿಗಳಲ್ಲೂ ಬಹಳಷ್ಟು ಹೆಣಿಗೆಯವೇ. ಸೋಫಾ ರೆಕ್ಸಿನ್ ಇದೆಯಲ್ಲ, ಅದನ್ನೂ ತಿರುಗಿಸಿ ನೋಡಿ. ಮೇಲೆ ಪ್ಲಾಸ್ಟಿಕ್, ಹಿಂದೆ ಎಷ್ಟೋ ಸಲ ಬನೀನು ಜಾತಿಯ ಬಟ್ಟೆ.

ಹೆಣಿಗೆಯಲ್ಲೂ ಎರಡು ಬಗೆಯಿದೆ. ಒಂದೇ ನೂಲು ಅಡ್ಡಕ್ಕೆ ಓಡುತ್ತಾ ಕುಣಿಕೆ ಹಾಕುವುದು ಒಂದು: ಬನೀನು, ಟೀ ಶರ್ಟು, ಸ್ವೆಟರು. ಒಂದು ಕುಣಿಕೆ ಕಿತ್ತರೆ ಏಣಿಯ ಹಾಗೆ ಕೆಳಗಿನವರೆಗೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದರಲ್ಲಿ ಮಗ್ಗದ ಹಾಸಿನಂತೆ ನೂರಾರು ನೂಲು ಉದ್ದಕ್ಕೆ ಬಂದು, ಪಕ್ಕದ ನೂಲಿನ ಜೊತೆ ಅಂಕುಡೊಂಕಾಗಿ ಕುಣಿಕೆ ಹಾಕಿಕೊಳ್ಳುತ್ತವೆ. ಇದು ಅಷ್ಟು ಸುಲಭಕ್ಕೆ ಬಿಚ್ಚಿಕೊಳ್ಳಲ್ಲ, ಹಿಗ್ಗುವುದೂ ಕಮ್ಮಿ. ಪೇಟೆಯಲ್ಲಿ ಸಿಗುವ ಮೆತ್ತನೆ ಪಾಲಿಯೆಸ್ಟರ್ ವೆಲ್ವೆಟ್‌ಗಳಲ್ಲಿ ಇದು ತುಂಬಾ. ಅಂದರೆ ವೆಲ್ವೆಟ್ ಅನ್ನುವುದು ಮೇಲಿನ ರೋಮದ ಹೆಸರು ಅಷ್ಟೇ. ಕೆಳಗಿನ ನೆಲಗಟ್ಟು ನೇಯ್ದದ್ದೂ ಇರಬಹುದು, ಹೆಣೆದದ್ದೂ ಇರಬಹುದು. ನಾನು ಮೋಸ ಹೋದದ್ದು ಇಲ್ಲೇ. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಹಿರಿಯರು ಇನ್ನೊಂದು ಮಾತನ್ನೂ ಹೇಳಿದರು. ಹೇಳದಿದ್ದರೆ ನನಗೆ ಖುಷಿಯಾಗುತ್ತಿತ್ತು. ‘ಬಟ್ಟೆ ಒಂದನ್ನೇ ಬೈಬೇಡಿ. ಫೋಮೂ ಕೂತಿರುತ್ತೆ.’ ಹಳೇ ಫೋಮಿನ ಮೇಲೇ ಹೊಸ ಬಟ್ಟೆ ಹಾಕಿಸಿದ್ದೆ, ಸಾವಿರದೆಂಟುನೂರು ರೂಪಾಯಿ ಉಳಿಸಲು. ಕೆಳಗೆ ಫೋಮು ತಗ್ಗಿದ ಹಾಗೆಲ್ಲ ಮೇಲೆ ಬಟ್ಟೆ ಸಡಿಲವಾಗುತ್ತದೆ. ನೇಯ್ದದ್ದಾದರೂ ಸುಕ್ಕು ಬರುತ್ತಿತ್ತು, ಆದರೆ ಇಷ್ಟಲ್ಲ. ಕೂರುವ ಸೀಟಿಗೆ ‘40 ಡೆನ್ಸಿಟಿ’ ಕೇಳಿ ಅಂದರು.

ಅಕ್ಕನ ಮನೆಯಲ್ಲಿ ಊಟ ಮಾಡುವಾಗ ನನಗೆ ಹಳೆಯ ಆರಾಮ ಕುರ್ಚಿ ನೆನಪಾಯಿತು. ತಾತನದು. ಎರಡು ಕೋಲಿನ ನಡುವೆ ದಪ್ಪ ಕ್ಯಾನ್ವಾಸ್ ಬಟ್ಟೆ ತೂಗುಬಿಟ್ಟಿದ್ದು. ಅದರಲ್ಲಿ ಫೋಮಿಲ್ಲ, ಸ್ಪ್ರಿಂಗಿಲ್ಲ, ಮನುಷ್ಯನ ಭಾರವೆಲ್ಲ ಬಟ್ಟೆಯ ಹಾಸಿನ ಎಳೆಗಳ ಮೇಲೆ. ಅದಕ್ಕೆ ನನ್ನ ನವಿಲು ಬಣ್ಣದ ಬಟ್ಟೆ ಹಾಕಿದ್ದರೆ ತಾತ ಮೊದಲ ದಿನವೇ ನೆಲ ಮುಟ್ಟುತ್ತಿದ್ದರು. ನವಾರು ಮಂಚವೂ ಹಾಗೆಯೇ. ಪಟ್ಟಿ ನೇಯ್ದದ್ದು, ಆ ಪಟ್ಟಿಯನ್ನು ಮಂಚಕ್ಕೆ ಮತ್ತೆ ಹಾಸುಹೊಕ್ಕಾಗಿ ನೇಯುವುದು. ಸರ್ಕಾರಿ ಕಚೇರಿಯ ಬೆತ್ತದ ಕುರ್ಚಿಯೂ ಅದೇ ಲೆಕ್ಕ. ನಮ್ಮ ಹಿರಿಯರು ಅಪ್‌ಹೋಲ್ಸ್ಟರಿ ಅನ್ನುವ ಪದ ಕೇಳಿರಲಿಲ್ಲ. ಆದರೆ ಕೂರುವ ಜಾಗಕ್ಕೆ ನೇಯ್ದದ್ದೇ ಬೇಕು ಅಂತ ಅವರ ಅಂಡಿಗೇ ಗೊತ್ತಿತ್ತು. ಹೀಗಂದದ್ದಕ್ಕೆ ಅಕ್ಕ ತಲೆಗೆ ಮೊಟಕಿದಳು.

ಮುಂದಿನ ಶನಿವಾರ ಮತ್ತೆ ತುಮಕೂರು ಪೇಟೆ. ಈ ಸಲ ಬೆಕ್ಕಿನ ಮರಿ ಸವರಲಿಲ್ಲ. ಮೊದಲು ಬಟ್ಟೆ ತಿರುವಿದೆ. ಹಿಂದೆ ಅಸ್ತರಿ ಅಂಟಿಸಿದ್ದರೆ ಏನೂ ಕಾಣಲ್ಲ, ಆಗ ರೋಲಿನ ಕತ್ತರಿಸಿದ ಅಂಚು ನೋಡಬೇಕು. ಅಂಚಿನಿಂದ ನೆಟ್ಟನೆ ಎಳೆ ಒಂದೊಂದಾಗಿ ಉದುರಿ ಬಂದರೆ ನೇಯ್ದದ್ದು. ಎಳೆ ಬಾರದೆ, ಅಂಚು ಸುರುಳಿ ಸುತ್ತಿದರೆ ಅಥವಾ ಗುಂಗುರು ನೂಲು ಬಂದರೆ ಹೆಣೆದದ್ದು. ಫೋನಿನ ಕ್ಯಾಮೆರಾ ಝೂಮ್ ಮಾಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದರಲ್ಲಿ ಪುಟ್ಟ ಪುಟ್ಟ ಚೌಕ, ಇನ್ನೊಂದರಲ್ಲಿ ಜಡೆಯಂಥ ಕುಣಿಕೆ ಸಾಲು. ಕೊನೆಗೆ ಪಂಚೆ-ಬನೀನು ಪರೀಕ್ಷೆ: ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆದು, ಬಿಟ್ಟು, ಐದು ಎಣಿಸುವುದು. ವಾಪಸ್ ಹೋಯಿತಾ?

ಒಂದು ಅಂಗಡಿಯಲ್ಲಿ ಸ್ಯಾಂಪಲ್ ಪುಸ್ತಕದ ಹಿಂದೆ ‘ಮಾರ್ಟಿಂಡೇಲ್’ ಅಂತ ಒಂದು ಸಂಖ್ಯೆ ಇತ್ತು. ಮೆಷಿನ್ನಿನಲ್ಲಿ ಬಟ್ಟೆಯನ್ನು ಉಣ್ಣೆ ಬಟ್ಟೆಗೆ ತಿಕ್ಕಿ ತಿಕ್ಕಿ, ಎಷ್ಟು ಸಾವಿರ ಸಲಕ್ಕೆ ಎಳೆ ಹರಿಯುತ್ತದೆ ಅಂತ ಎಣಿಸುವುದು. ದಿನಾ ಬಳಸುವ ಮನೆ ಸೋಫಾಗೆ 20,000ದಿಂದ 25,000 ಇದ್ದರೆ ಧಾರಾಳ. ಆದರೆ ಗಮನಿಸಿ, ಆ ಸಂಖ್ಯೆ ಹೇಳುವುದು ಸವೆತವನ್ನು, ಜೋಲುವುದನ್ನಲ್ಲ. ನನ್ನ ನವಿಲು ಬಟ್ಟೆಗೂ ಒಳ್ಳೇ ಸಂಖ್ಯೆಯೇ ಇದ್ದಿರಬಹುದು. ಅದು ಒಂದು ಎಳೆಯೂ ಸವೆದಿರಲಿಲ್ಲ.

ನೇಯ್ದದ್ದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಗೋಣಿಚೀಲದ ಥರ ಕಾಣುವ, ಈಗ ಫ್ಯಾಷನ್ ಆಗಿರುವ ಜಾಳು ನೇಯ್ಗೆ ನೋಡಲು ಚೆಂದ, ಆದರೆ ಹೊಲಿಗೆ ಹತ್ತಿರ ಎಳೆ ಜರುಗಿ ಬಾಯಿ ಬಿಡುತ್ತದೆ. ಹೂಬಳ್ಳಿಯ ಜಕಾರ್ಡ್‌ನಲ್ಲಿ ಕೆಲವು ಎಳೆಗಳು ಮೇಲೆ ಉದ್ದಕ್ಕೆ ಹಾಗೇ ತೇಲಿರುತ್ತವೆ, ಅಮ್ಮನ ಬಳೆಗೋ ಬೆಕ್ಕಿನ ಉಗುರಿಗೋ ಸಿಕ್ಕಿದರೆ ಮುಗಿಯಿತು. ಹಾಗಾಗಿ ಬೆರಳಿನ ಉಗುರಿಂದ ಕೆರೆದು ನೋಡಿ, ಎಳೆ ಏಳದ ಒಂದು ಒತ್ತು ನೇಯ್ಗೆಯ ಬಟ್ಟೆ ಆರಿಸಿದೆ. ಬಣ್ಣ ಹಸಿ ಇಟ್ಟಿಗೆಯದು. ಚೂರು ಒರಟು. ಮೀಟರಿಗೆ 620. ಸ್ಟೇಟಸ್‌ಗೆ ಹಾಕುವಂಥದ್ದೇನಲ್ಲ.

ಬಟ್ಟೆ ಹಿಡಿದುಕೊಂಡು ಬರುವಾಗ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಮುಂದೆ ನಾಟಕದ ಬ್ಯಾನರು ಕಂಡಿತು. 1884ರಲ್ಲಿ ನಮ್ಮೂರಲ್ಲಿ ಹುಟ್ಟಿದ ನಾಟಕ ಕಂಪನಿ ಆಮೇಲೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಸುತ್ತಿತು. ಕಂಪನಿ ನಾಟಕ ಅಂದರೆ ಪರದೆ. ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ. ಬಟ್ಟೆಗೆ ಬಣ್ಣ ಬಳಿದು, ಸುತ್ತಿ, ಇಳಿಸಿ, ಮತ್ತೆ ಸುತ್ತುವುದು. ಪರದೆ ಬನೀನು ಜಾತಿಯದಾಗಿದ್ದರೆ ಎರಡನೇ ಊರಿಗೆ ಅರಮನೆ ಕಂಬಗಳೆಲ್ಲ ಸೊಟ್ಟಗಾಗುತ್ತಿದ್ದವು ಅಂದುಕೊಂಡು ಒಬ್ಬಳೇ ನಕ್ಕೆ. ಒಂದು ವಿಷಯ ತಲೆಗೆ ಹೊಕ್ಕರೆ ಎಲ್ಲೆಲ್ಲೂ ಅದೇ ಕಾಣುತ್ತದೆ.

ಕುಣಿಗಲ್‌ನ ಹಿರಿಯರು ಗುಬ್ಬಿಗೇ ಬಂದರು. ಭಾವ ಬೈಕಲ್ಲಿ ಕರೆತಂದರು. ಹಳೇ ಫೋಮು ಕಿತ್ತು ಹೊಸದು ಹಾಕಿ, ಬಟ್ಟೆಯ ಹಾಸು ಹಿಂದಿನಿಂದ ಮುಂದಕ್ಕೆ ಬರುವಂತೆ ಹಿಡಿದು ಕತ್ತರಿಸಿದರು. ಅಗಲ ಉಳಿಯುತ್ತದೆ ಅಂತ ಅಡ್ಡ ಕತ್ತರಿಸಿದರೆ ಸೀಟು ಬಿಗಿ ನಿಲ್ಲಲ್ಲ ಅಂದರು. ಕೆಲಸ ಮಾಡುವಾಗ ಅಪ್ಪ ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಲಸಿನ ಮರದ ಕಥೆ ಮೊದಲಿನಿಂದ ಹೇಳಿದರು. ಹಿರಿಯರು ಫ್ರೇಮಿನ ಮೂಲೆ ತಟ್ಟಿ ನೋಡಿ ‘ಇನ್ನೂ ನಲವತ್ತು ವರ್ಷ ಬರುತ್ತೆ ಯಜಮಾನ್ರೆ’ ಅಂದರು. ಅಪ್ಪನ ಮುಖ ನೋಡಬೇಕಿತ್ತು.

ಸಂಜೆ ಹೊತ್ತಿಗೆ ಮುಗಿಯಿತು. ಅಪ್ಪ ಬಂದು ಕಿಟಕಿ ಕಡೆ ಕೂತರು. ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಎರಡೂ ಕೈ ಸೀಟಿಗೆ ಊರಿ ಎದ್ದರು. ಮತ್ತೆ ಕೂತರು. ಮತ್ತೆ ಎದ್ದರು. ಬಟ್ಟೆ ಅಲುಗಲಿಲ್ಲ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ, ಅಮ್ಮ ನನ್ನ ಹಿಂದೆ.

‘ಬಣ್ಣ ಮಾತ್ರ ಹಳೇದೇ ಚೆನ್ನಾಗಿತ್ತು’ ಅಂದರು ಅಪ್ಪ, ಪೇಪರ್ ಬಿಡಿಸುತ್ತಾ.

ನವಿಲು ಬಟ್ಟೆಯನ್ನು ಹಿರಿಯರೇ ಕೇಳಿ ತಗೊಂಡರು. ಎಸೆಯಬೇಡಿ ಅಂದರು. ಹದಿನೈದು ದಿನ ಬಿಟ್ಟು ಅಕ್ಕ ಫೋಟೊ ಕಳಿಸಿದಳು. ಅವಳ ಮನೆಯ ಎರಡು ದುಂಡು ಸ್ಟೂಲುಗಳಿಗೆ ಅದನ್ನೇ ಹಾಕಿಕೊಟ್ಟಿದ್ದಾರೆ. ಒಂದು ನೆರಿಗೆ ಇಲ್ಲ, ಒಂದು ಹೆಚ್ಚುವರಿ ಹೊಲಿಗೆ ಇಲ್ಲ, ಚರ್ಮದ ಹಾಗೆ ಅಂಟಿಕೊಂಡಿದೆ. ಅಕ್ಕನ ಮಗ ಅದರ ಮೇಲೆ ಹತ್ತಿ ಫ್ಯಾನಿನ ಧೂಳು ಒರೆಸುತ್ತಿದ್ದಾನೆ.